ಲೋಕಶಾಂತಿಗೆ ಅಡ್ಡ ಬಂದ ಬಾವಿ

ಎಪ್ಪತ್ತಮೂರು, ಎಪ್ಪತ್ತನಾಲ್ಕರಲ್ಲಿ ಸುಮಾರು ಒಂದೂವರೆ ವರ್ಷ ಲೋಕಶಾಂತಿ ನನ್ನ ಸುಪರ್ದಿಯಲ್ಲಿತ್ತು. ನೀವು ನಂಬಬೇಕಾಗಿಲ್ಲ, ನಮ್ಮಪ್ಪನೇ ನಂಬಿರಲಿಲ್ಲ. ದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಬಂದ ಬಸ್ಸು ಹೋದ ಬಸ್ಸು ನೋಡಿಕೊಂಡಿದ್ದವನಿಗೆ ಸರ್ಕಾರ ಒಂದು ದಿನ ಕಾಗದ ಕಳಿಸಿತು. ಹೊಸದುರ್ಗದ ಕಡೆಯ ಒಂದು ಬೋಳು ಗುಡ್ಡದ ಮೇಲೆ ಕೂರಬೇಕು. ದೊಡ್ಡ ದೊಡ್ಡ ದೇಶಗಳು ನೆಲದೊಳಗೆ ಕದ್ದು ಅಣುಬಾಂಬು ಸಿಡಿಸಿದರೆ ಅದನ್ನು ಹಿಡಿಯುವ ಯಂತ್ರಕ್ಕೆ ದಿನಾ ಬೆಳಿಗ್ಗೆ ಹೊಸ ಕಾಗದ ಸುತ್ತಬೇಕು. ಹುದ್ದೆ ತಾತ್ಕಾಲಿಕ. ಲೋಕಶಾಂತಿಯೂ ತಾತ್ಕಾಲಿಕವೇ ಆದ್ದರಿಂದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಯಂತ್ರವೆಂದರೆ ಮಹಾ ದೊಡ್ಡದೇನಲ್ಲ. ಬಂಡೆಯಲ್ಲಿ ಒಂದು ಗುಂಡಿ ಕೊರೆದು, ಅದರೊಳಗೆ ಒಂದು ಡಬ್ಬಿ ಇಳಿಸಿ, ಮುಚ್ಚಳ ಹಾಕಿ, ಅಲ್ಲಿಂದ ತಂತಿ ಎಳೆದು ತಗಡಿನ ಮನೆಯೊಳಗಿನ ಉರುಳೆಗೆ ಜೋಡಿಸಿದ್ದರು. ಉರುಳೆಗೆ ಸುತ್ತಿದ ಕಾಗದದ ಮೇಲೆ ಮುಳ್ಳೊಂದು ಗೆರೆ ಎಳೆಯುತ್ತಾ ಹೋಗುತ್ತಿತ್ತು. ನೆಲ ನಡುಗಿದರೆ ಗೆರೆ ನಡುಗುತ್ತದೆ, ಅಷ್ಟೇ ಸಂಗತಿ. ರಷ್ಯಾದವರು ಸಿಡಿಸಿದ್ದು ಏಳೆಂಟು ನಿಮಿಷಕ್ಕೆ ನಮ್ಮ ಗುಡ್ಡಕ್ಕೆ ಬಂದು ಮುಟ್ಟುತ್ತಿತ್ತು. ಅಮೆರಿಕದವರದು ಭೂಮಿಯ ಹೊಟ್ಟೆಯನ್ನೇ ಹಾದು ಬರಬೇಕಾದ್ದರಿಂದ ಇಪ್ಪತ್ತು ನಿಮಿಷ. ಹಿರಿಯೂರಿನಿಂದ ಬರುವ ಬಸ್ಸಿಗಿಂತ ಎರಡೂ ನಂಬಿಕಸ್ತವಾಗಿದ್ದವು.

ಭೂಕಂಪ ಯಾವುದು, ಬಾಂಬು ಯಾವುದು ಎಂದು ಗುರುತಿಸುವುದನ್ನು ಮೇಲಿನ ಆಫೀಸಿನ ನಮ್ಮ ಸಾಹೇಬರು ಒಂದೇ ದಿನದಲ್ಲಿ ಕಲಿಸಿದ್ದರು. ಭೂಕಂಪ ಮೊದಲು ಸಣ್ಣಗೆ ಗೊಣಗಿ, ಆಮೇಲೆ ಜೋರಾಗಿ, ಬಹಳ ಹೊತ್ತು ಕುಲುಕುತ್ತದೆ. ಬಾಂಬು ಮೊದಲ ಏಟಿಗೇ ಇದ್ದ ಬಲವನ್ನೆಲ್ಲ ತೋರಿಸಿ ಬೇಗ ಸುಮ್ಮನಾಗುತ್ತದೆ. ಒಂದು ನಮ್ಮಮ್ಮನ ಸಿಟ್ಟು, ಇನ್ನೊಂದು ಸಾಹೇಬರ ಸಿಟ್ಟು ಎಂದು ನೆನಪಿಟ್ಟುಕೊಂಡೆ. ಇವತ್ತಿಗೂ ಮರೆತಿಲ್ಲ.

ಕಷ್ಟವೇನೆಂದರೆ, ಆ ಡಬ್ಬಿಗೆ ರಷ್ಯಾ ಎಷ್ಟು ಚೆನ್ನಾಗಿ ಕೇಳುತ್ತಿತ್ತೋ ಪಕ್ಕದ ಕುರಿಗಾಹಿಗಳ ಹಟ್ಟಿ ಅದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಅದಕ್ಕೆಂದೇ ಸದ್ದಿನ ರಿಜಿಸ್ಟರ್ ಎಂಬ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಗೆರೆ ಕುಣಿದಾಗಲೆಲ್ಲ ಕಾರಣ ಹುಡುಕಿ ಬರೆಯಬೇಕು. ಇಂಥ ವೇಳೆಗೆ ಕುರಿ ಮಂದೆ ಬಂಡೆ ಹತ್ತಿತು. ಇಂಥ ವೇಳೆಗೆ ಮೂರನೇ ಮನೆಯಲ್ಲಿ ಒನಕೆ ಕುಟ್ಟಿದರು. ಕಾರಣ ಸಿಗದೆ ಉಳಿದದ್ದು ಮಾತ್ರ ಪರದೇಶದ್ದು. ಹಟ್ಟಿಯ ಯಾವ ಮನೆಯ ಅತ್ತೆ ಎಷ್ಟು ಹೊತ್ತಿಗೆ ಕುಟ್ಟುವ ಕೆಲಸವನ್ನು ಸೊಸೆಗೆ ಒಪ್ಪಿಸಿ ಎದ್ದು ಹೋದಳು ಎಂಬುದು ಏಟಿನ ಗತಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ಅದೆಲ್ಲ ಭಾರತ ಸರ್ಕಾರದ ದಾಖಲೆಯಲ್ಲಿ ನನ್ನ ಕೈಬರಹದಲ್ಲಿದೆ.

ನನಗೆ ಊಟ ಆ ಹಟ್ಟಿಯಲ್ಲೇ, ಒಬ್ಬ ವಿಧವೆಯ ಮನೆಯಲ್ಲಿ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಲವತ್ತು ಕುರಿ, ಒಬ್ಬ ಮಗ. ಹಟ್ಟಿಯವರೆಲ್ಲ ಅವಳನ್ನು ಅವ್ವ ಎನ್ನುತ್ತಿದ್ದರು, ನಾನೂ ಅಂದೆ. ಮೊದಲ ದಿನ ಮುದ್ದೆ ಬಡಿಸಿ ಎದುರಿಗೆ ಕೂತು ಕೇಳಿದಳು:

"ಅದೇನ್ ತಮ್ಮಾ, ಆ ಮಿಷನ್ನು ಏನ್ ಮಾಡ್ತೈತೆ?"

"ದೂರದ ದೇಶದೋರು ನೆಲದಾಗೆ ಬಾಂಬ್ ಸಿಡಿಸಿದ್ರೆ ಗೊತ್ತಾಗ್ತೈತೆ ಅವ್ವ."

"ಗೊತ್ತಾದ್ರೆ?"

"ಬರ್ಕಂತೀವಿ."

"ಬರ್ಕಂಡು?"

"ಮೇಲಿನ ಆಫೀಸಿಗೆ ಕಳಿಸ್ತೀವಿ."

"ಅವ್ರೇನ್ ಮಾಡ್ತಾರೆ?"

"ಅವ್ರೂ ಬರ್ಕಂತಾರೆ."

ಅವ್ವ ನನ್ನ ತಟ್ಟೆ ಹತ್ತಿರ ಎಳೆದುಕೊಂಡಳು. "ಹೋಗ್ಲಿ ಬಿಡು, ಉಣ್ಣು" ಎಂದು ಇನ್ನೊಂದು ಮುದ್ದೆ ಹಾಕಿದಳು. ನನ್ನ ಕೆಲಸದ ಬಗ್ಗೆ ಅಷ್ಟು ಕನಿಕರ ನಮ್ಮಪ್ಪನಿಗೂ ಇರಲಿಲ್ಲ.

ಅವ್ವನ ಮನೆಯ ಹಿತ್ತಲಲ್ಲಿ ಒಂದು ಬಾವಿ ಅರ್ಧಕ್ಕೆ ನಿಂತಿತ್ತು. ನೀರಿನ ಜಾಗ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಲೆಲ್ಲ ಸುತ್ತಿ, ಕಾಯಿ ಎದ್ದು ನಿಂತ ಕಡೆ ಗುರುತು ಮಾಡಿ ಹೋಗಿದ್ದ. ಅಲ್ಲೇ ತೋಡಿದರು. ಐದಾಳು ಆಳಕ್ಕೆ ಬಂಡೆ ಸಿಕ್ಕಿತು. ನಮ್ಮ ಡಬ್ಬಿ ಕೂತದ್ದೂ ಅದೇ ಬಂಡೆಯ ಮೇಲೆ. ಇಂಥ ಗಟ್ಟಿ ಕಲ್ಲು ದೇಶದಲ್ಲೇ ಅಪರೂಪ ಎಂದು ಸಾಹೇಬರು ಅದನ್ನು ಹೊಗಳಿದ್ದೇ ಹೊಗಳಿದ್ದು. ಅದೇ ಕಾರಣಕ್ಕೆ ಅವ್ವ ಅದಕ್ಕೆ ದಿನಾ ಬೆಳಿಗ್ಗೆ ಹಿಡಿಶಾಪ ಹಾಕುತ್ತಿದ್ದಳು. ತಳದ ಒಂದು ಮೂಲೆ ಮಾತ್ರ ಬೇಸಿಗೆಯಲ್ಲೂ ಒದ್ದೆಯಾಗಿರುತ್ತಿತ್ತು. ನೀರು ಕೆಳಗೆ ಕಾದು ಕೂತಿದೆ, ಕಲ್ಲು ಸಿಡಿಸುವುದೊಂದೇ ಬಾಕಿ ಎಂದು ಅವಳ ನಂಬಿಕೆ.

ಆ ಬಾವಿಯ ಮೇಲೆ ಅವಳ ಮಗನ ಮದುವೆ ನಿಂತಿತ್ತು. ಹಟ್ಟಿಯ ಹೆಂಗಸರು ಒಂದೂವರೆ ಮೈಲಿ ದೂರದ ಕೆರೆಯಿಂದ ನೀರು ಹೊರುತ್ತಿದ್ದರು. ಹೆಣ್ಣು ಕೊಡಲು ಬಂದವರು ಗಂಡನ್ನು ನೋಡುವ ಮೊದಲು ಆ ದಾರಿಯನ್ನು ನೋಡಿ, ಮಜ್ಜಿಗೆ ಕುಡಿದು, ಬಂದ ಬಸ್ಸಿಗೇ ವಾಪಸ್ಸು ಹೋಗುತ್ತಿದ್ದರು. ಕೊನೆಗೆ ಹಿರಿಯೂರಿನ ಕಡೆ, ಮಾರಿಕಣಿವೆಯ ಕಾಲುವೆ ಹರಿಯುವ ಊರೊಂದರಲ್ಲಿ ಒಂದು ಹುಡುಗಿ ಒಪ್ಪಿದ್ದಳು. ಅವಳ ಅಪ್ಪ ಅರ್ಧ ಒಪ್ಪಿದ್ದ.

"ನಮ್ ಹುಡ್ಗಿ ಮನೆ ಮುಂದಿನ ಕಾಲುವ್ಯಾಗೆ ನೀರು ಮೊಗ್ದು ಬೆಳೆದೋಳು" ಎಂದು ಅವನು ಕಡ್ಡಿ ಮುರಿದಂತೆ ಹೇಳಿದ. "ವೈಶಾಖ ಕಳೆಯಾದ್ರಾಗೆ ಬಾವ್ಯಾಗೆ ನೀರು ತೋರ್ಸ್ರಿ, ಎಲೆ ಅಡಿಕೆ ತಗಂತೀನಿ. ಇಲ್ಲಾಂದ್ರೆ ಬ್ಯಾರೆ ಕಡೆಯೋರು ಕೇಳ್ತಾ ಅದಾರೆ."

ತಪ್ಪೇನು? ನನಗೆ ಮಗಳಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಯುಗಾದಿ ಕಳೆದ ಮೇಲೆ ಹೊಳಲ್ಕೆರೆಯಿಂದ ಕಲ್ಲು ಸಿಡಿಸುವ ಮೇಸ್ತ್ರಿ ಬಂದ. ಉಳಿ ಸುತ್ತಿಗೆ ಹಿಡಿದು ಹತ್ತು ದಿನ ಬಾವಿಯ ತಳದಲ್ಲಿ ಆರು ತೂತು ಕೊರೆದ. ಅವನ ಸುತ್ತಿಗೆಯ ಏಟು ಒಂದೊಂದೂ ನನ್ನ ಕಾಗದದ ಮೇಲೆ ಬಂತು, ನಾನು ಒಂದೊಂದನ್ನೂ ಬರೆದು ಕಳಿಸಿದೆ. ಆಗ ಮೇಲಿನ ಆಫೀಸಿಗೆ ಎಚ್ಚರವಾಯಿತು. ಯಂತ್ರದ ಸುತ್ತ ಎರಡು ಮೈಲಿಯೊಳಗೆ ಯಾವುದೇ ಕಲ್ಲು ಸಿಡಿಸಕೂಡದು ಎಂದು ಸುತ್ತೋಲೆ ಬಂತು. ಅಂದರೆ ನನ್ನ ಅತಿ ಪ್ರಾಮಾಣಿಕ ಕೈಬರಹವೇ ಅವ್ವನಿಗೆ ಮುಳುವಾಗಿತ್ತು.

ಸುತ್ತೋಲೆ ಓದಿ ಹೇಳುವ ಭಾಗ್ಯವೂ ನನ್ನದೇ. ಅವಳ ಕೈಯ ಮುದ್ದೆ ಉಂಡು, ಕೈ ತೊಳೆದು, ಓದಿದೆ. ಕೈ ತೊಳೆದ ನೀರು ಅವಳು ಒಂದೂವರೆ ಮೈಲಿ ಹೊತ್ತು ತಂದದ್ದು. ಇವತ್ತು ನೆನೆದರೂ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಗುತ್ತದೆ.

"ರಷ್ಯಾದೋರಿಗೂ ಹಿಂಗೇ ಕಾಗದ ಕಳ್ಸೀರೇನು?" ಎಂದಳು.

"ಅವ್ರನ್ನ ತಡೆಯಾಕೆ ನಮ್ ಕೈಲಾಗಲ್ಲ ಅವ್ವ."

"ನನ್ನ ತಡೀಬೋದು."

ನಾನು ಸುತ್ತೋಲೆಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟೆ.

"ಎಷ್ಟು ದಿನ ಸಿಡಿಸಬಾರ್ದಂತೆ?"

"ಅವ್ರೆಲ್ಲ ಸಿಡಿಸಾದು ನಿಲ್ಲಿಸಾ ತನ್ಕ."

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಕುರಿಗಳ ಹತ್ತಿರ ನಿಂತುಕೊಂಡಳು. ಮಗ ಜಗಲಿಯ ಮೇಲೆ ಕೂತು ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಆ ವಾರ ಆ ಮನೆಯ ಮುದ್ದೆ ಉಣ್ಣಬಾರದು ಎಂದುಕೊಂಡೆ. ಆದರೂ ಉಂಡೆ, ಅದು ಬೇರೆ ಮಾತು.

ದಾರಿ ತೋರಿಸಿದವರು ಸಾಹೇಬರೇ, ಪಾಪ, ಗೊತ್ತಿಲ್ಲದೆ. ನಿಮ್ಮ ಬಂಡೆಯಲ್ಲಿ ಕಂಪನ ಎಷ್ಟು ವೇಗದಲ್ಲಿ ಓಡುತ್ತದೆಂದು ತಿಳಿಯದೆ ನಮ್ಮ ಲೆಕ್ಕಗಳು ಸರಿಹೋಗುತ್ತಿಲ್ಲ ಎಂದು ಅವರು ಪ್ರತಿ ಕಾಗದದಲ್ಲೂ ಗೋಳಾಡುತ್ತಿದ್ದರು. ಅದನ್ನು ತಿಳಿಯಲು ಒಂದೇ ದಾರಿ. ಗೊತ್ತಿರುವ ಜಾಗದಲ್ಲಿ, ಗೊತ್ತಿರುವ ವೇಳೆಗೆ, ಗೊತ್ತಿರುವಷ್ಟು ಮದ್ದು ಸಿಡಿಸಿ ಅಳೆಯಬೇಕು. ನಾನು ಕೂತು ಒಂದು ಇಂಗ್ಲಿಷ್ ಕಾಗದ ಬರೆದೆ. ಯಂತ್ರದಿಂದ ಅರ್ಧ ಮೈಲಿಯಲ್ಲಿ, ಮೂವತ್ತು ಅಡಿ ಆಳದಲ್ಲಿ, ನಿಯಂತ್ರಿತ ಭೂಗತ ಸ್ಫೋಟದ ಪ್ರಯೋಗವೊಂದನ್ನು ನಡೆಸಲು ಅನುಕೂಲಕರವಾದ ಗುಂಡಿಯೊಂದು ಸಿದ್ಧವಾಗಿದೆ. ತೂತು ಕೊರೆದಾಗಿದೆ. ಇಲಾಖೆಗೆ ಶ್ರಮವಿಲ್ಲ. ಇಡೀ ಕಾಗದದಲ್ಲಿ ಬಾವಿ ಎಂಬ ಮಾತು ಒಂದು ಸಲವೂ ಬರಲಿಲ್ಲ. ಹೆಸರು ಬದಲಾಯಿಸಿ ಸಿಡಿಸುವುದನ್ನು ನಾನು ದೊಡ್ಡ ದೇಶಗಳಿಂದಲೇ ಕಲಿತಿದ್ದೆ.

ಹದಿನೈದು ದಿನದಲ್ಲಿ ಒಪ್ಪಿಗೆ ಬಂತು. ಮೇ ತಿಂಗಳ ಹದಿನೆಂಟು, ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ. ಸಾಹೇಬರು ಸ್ವತಃ ಬರುತ್ತಾರೆ. ವೈಶಾಖ ಮುಗಿಯಲು ಇನ್ನು ಮೂರೋ ನಾಲ್ಕೋ ದಿನ ಉಳಿಯುತ್ತಿತ್ತು. ನಾನು ಓಡಿ ಹೋಗಿ ಹೇಳಿದೆ. ಅವ್ವ ಬೆರಳು ಮಡಿಚಿ ಎಣಿಸಿದಳು.

"ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆಗಲ್ಲ."

"ಅವ್ವಾ, ಸರ್ಕಾರ ಗೊತ್ತು ಮಾಡಿರೋ ವೇಳೆ..."

"ಸರ್ಕಾರಕ್ಕೆ ರಾಹುಕಾಲ ಇಲ್ವಾ? ನಂಗೈತೆ. ಕಲ್ಲು ಸಿಡಿಸಾದೂ ಒಂಬತ್ತರೊಳಗೆ, ಎಲೆ ಅಡಿಕೆ ಕೈ ಬದಲಾಯ್ಸಾದೂ ಒಂಬತ್ತರೊಳಗೆ. ಬೀಗರಿಗೂ ಅವತ್ತೇ ಬರಾಕೆ ಹೇಳಿ ಕಳಿಸ್ತೀನಿ."

ರಾಹುಕಾಲ ಎಂದು ಬರೆದರೆ ಸಾಹೇಬರು ನನ್ನನ್ನೇ ಸಿಡಿಸುತ್ತಿದ್ದರು. ಬಿಸಿಲೇರಿದರೆ ಗಾಳಿ ಎದ್ದು ಗೆರೆ ಹಾಳಾಗುತ್ತದೆ, ಎಂಟು ಗಂಟೆ ಉತ್ತಮ ಎಂದು ತಂತಿ ಕೊಟ್ಟೆ. ಮೆಚ್ಚಿಗೆಯ ಉತ್ತರ ಬಂತು.

ಸಾಹೇಬರು ಶುಕ್ರವಾರವೇ ದುರ್ಗಕ್ಕೆ ಬಂದು, ಸರ್ಕಾರಿ ಕೆಲಸದ ಮೇಲೆ ಬಂದವರು ಕಡ್ಡಾಯವಾಗಿ ಮಾಡಬೇಕಾದಂತೆ ಕೋಟೆ ಹತ್ತಿ, ಚಂದ್ರವಳ್ಳಿಯ ಗುಹೆ ಹೊಕ್ಕು, ಬಂಗಲೆಯಲ್ಲಿ ಮಲಗಿ, ಶನಿವಾರ ಏಳಕ್ಕೆ ಜೀಪಿನಲ್ಲಿ ಇಳಿದರು. ತಾವು ಉರುಳೆಯ ಮುಂದೆ ಕೂತರು. ನನ್ನ ಕೈಗೆ ಗಡಿಯಾರ ಕೊಟ್ಟು ಬಾವಿಯ ಕಡೆ ಅಟ್ಟಿದರು. ಎಂಟು ಅಂದರೆ ಎಂಟು, ಒಂದು ಸೆಕೆಂಡು ಆಚೀಚೆ ಆಗಕೂಡದು ಎಂದರು.

ಎಂಟಾಯಿತು. ಹಿರಿಯೂರಿನ ಬಸ್ಸು ಬಂದಿರಲಿಲ್ಲ. "ನೋಡಬೇಕಾದೋರೇ ಬರ್ದೆ ಯಾರಿಗೆ ತೋರ್ಸಾಕೆ ಸಿಡಿಸಾದು?" ಎಂದು ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. ಅತ್ತ ತಗಡಿನ ಮನೆಯ ಬಾಗಿಲಲ್ಲಿ ಸಾಹೇಬರು ಎರಡೂ ಕೈ ಎತ್ತಿ ಕುಣಿಯುತ್ತಿದ್ದರು. ಎಂಟು ದಾಟಿ ಎರಡು ನಿಮಿಷಕ್ಕೆ ಹುಡುಗಿಯ ಅಪ್ಪ ಧೂಳು ಕೊಡವುತ್ತಾ ಬಂದ. ಆಮೇಲೆ ಪೂಜೆ. ಕರ್ಪೂರ ಹತ್ತಲಿಲ್ಲ. ಹತ್ತಿತು. ಕಾಯಿ ಒಡೆದರು. ಮೇಸ್ತ್ರಿ ಕೆಂಪು ಬಟ್ಟೆ ಬೀಸಿ ನಾಲ್ಕು ದಿಕ್ಕಿಗೂ ಕೂಗಿ, ಕೆಳಗಿಳಿದು, ಬಾಯಲ್ಲಿದ್ದ ಬೀಡಿಯಿಂದ ಆರು ಬತ್ತಿಗೂ ಕಿಡಿ ಮುಟ್ಟಿಸಿ, ಉಡದಂತೆ ಮೇಲೆ ಬಂದ. ಜಗತ್ತಿನ ಅತಿ ಸೂಕ್ಷ್ಮ ವಿಜ್ಞಾನ ಒಂದು ಬೀಡಿಯ ತುದಿಗೆ ಬಂದು ನಿಂತಿತ್ತು.

ಎಂಟು ಗಂಟೆ ಎಂಟು ನಿಮಿಷಕ್ಕೆ ಮೊದಲನೆಯದು ಹಾರಿತು. ಕಾಲ ಕೆಳಗಿನ ಬಂಡೆ ಒಮ್ಮೆ ಎದ್ದು ಕೂತಂತಾಯಿತು. ಎರಡು, ಮೂರು, ನಾಲ್ಕು, ಐದು. ಆರನೆಯದಕ್ಕೆ ಎಲ್ಲರೂ ಕಿವಿ ಮುಚ್ಚಿ ಕಾದೆವು. ಅದು ಬರಲೇ ಇಲ್ಲ. ಅಷ್ಟರಲ್ಲಿ ಬೆದರಿದ ಕುರಿಗಳೆಲ್ಲ ತಡಿಕೆ ಮುರಿದು ಬಂಡೆಯ ಮೇಲೆ ಓಡಿದವು, ಕುರಿಯ ಹಿಂದೆ ಹಟ್ಟಿಯೆಲ್ಲ ಓಡಿತು. ಓಡಿದ್ದು ಎಲ್ಲಿಗೆ? ಸಾಹೇಬರ ಡಬ್ಬಿಯ ಮೇಲೇ.

ಒಂದು ಬತ್ತಿ ಹಾರದೆ ಉಳಿದರೆ ಅರ್ಧ ಗಂಟೆ ಯಾರೂ ಬಾವಿಗೆ ಇಳಿಯುವಂತಿಲ್ಲ, ಅದು ಮೇಸ್ತ್ರಿಯ ಕಟ್ಟುನಿಟ್ಟು. ಹುಡುಗಿಯ ಅಪ್ಪ ಬೇವಿನ ನೆರಳಲ್ಲಿ ಟವೆಲು ಹಾಸಿ ಕೂತ. ಅವ್ವ ಕೂರಲಿಲ್ಲ. ನಿಮಿಷಕ್ಕೊಂದು ಸಲ "ಎಷ್ಟಾತು ತಮ್ಮಾ?" ಎನ್ನುತ್ತಿದ್ದಳು. ಅಣುಯುಗವನ್ನು ಅಳೆಯಲು ತಂದ ಗಡಿಯಾರ ನೋಡಿ ನಾನು ರಾಹುಕಾಲಕ್ಕೆ ಎಷ್ಟು ನಿಮಿಷ ಉಳಿದಿದೆ ಎಂದು ಹೇಳುತ್ತಿದ್ದೆ. ಸುಳ್ಳು ಕಾಗದ ಬರೆದವನು ನಾನು, ನೀರು ಬೀಳದಿದ್ದರೆ ಅವಳ ಮುಖ ಹೇಗೆ ನೋಡಲಿ ಎಂಬುದೊಂದೇ ಯೋಚನೆ.

ಎಂಟೂ ಮುಕ್ಕಾಲಿಗೆ ಮೇಸ್ತ್ರಿ ಹಗ್ಗ ಹಿಡಿದು ಇಳಿದ. ಕಲ್ಲು ಸರಿಸುವ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಅವ್ವ ದಡದಲ್ಲಿ ಮಂಡಿಯೂರಿ ಬಗ್ಗಿದಳು, ಮಗ ಅವಳ ಸೆರಗು ಹಿಡಿದುಕೊಂಡ.

"ಲೇ ಮೇಸ್ತ್ರಿ, ಬಾಯಿ ಬಿದ್ದೋತಾ? ಏನೈತೆ ಹೇಳೋ!"

"ಬಿಂದಿಗೆ ಬಿಡ್ರಿ ಅವ್ವ" ಎಂದು ಕೆಳಗಿನಿಂದ ದನಿ ಬಂತು. "ಮೊಣಕಾಲುದ್ದ ಬಂದೈತೆ, ಇನ್ನಾ ಬರ್ತಾನೇ ಐತೆ!"

ಮದ್ದಿನ ವಾಸನೆಯ ಕೆಸರು ನೀರು ಮೇಲೆ ಬಂತು. ಹುಡುಗಿಯ ಅಪ್ಪ ಬೊಗಸೆಯಲ್ಲಿ ತೆಗೆದುಕೊಂಡು, ಬಾಯಿ ಮುಕ್ಕಳಿಸಿ ಉಗಿದು, "ಸಿಹಿ ನೀರೇಯ, ತಗಳ್ರಿ" ಎಂದ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಎಲೆ ಅಡಿಕೆ ಕೈ ಬದಲಾಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ಧೂಳು ಬಹಳ ಇತ್ತು.

ಶನಿವಾರದ ರಾಹುಕಾಲ ಒಂಬತ್ತಕ್ಕೆ ಶುರು. ಸಾಹೇಬರನ್ನು ಅದು ಸರಿಯಾಗಿ ಒಂಬತ್ತಕ್ಕೇ ಹಿಡಿಯಿತು. ಜೀಪಿನ ಡ್ರೈವರ್ ಟ್ರಾನ್ಸಿಸ್ಟರ್ ಹಚ್ಚಿದ. ಇವತ್ತು ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ದೇಶದ ಪಶ್ಚಿಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಆಳದಲ್ಲಿ ಭಾರತ ತನ್ನ ಮೊದಲ ಭೂಗತ ಅಣುಸ್ಫೋಟ ನಡೆಸಿದೆ, ಶಾಂತಿಯುತ ಉದ್ದೇಶಕ್ಕಾಗಿ, ಎಂದು ರೇಡಿಯೋ ಹೇಳಿತು. ಸ್ವಂತ ದೇಶ ಬಾಂಬು ಸಿಡಿಸುವ ವಿಷಯವನ್ನು, ಬಾಂಬು ಕೇಳಿಸಿಕೊಳ್ಳಲೆಂದೇ ಸಂಬಳ ಕೊಟ್ಟು ಕೂರಿಸಿದ್ದ ನಮಗೆ ಯಾರೂ ಹೇಳಿರಲಿಲ್ಲ. ಪಶ್ಚಿಮವೆಂದರೆ ಮರಳುಗಾಡೇ ಇರಬೇಕೆಂದು ಸಾಹೇಬರು ಬೆರಳಲ್ಲೇ ಲೆಕ್ಕ ಹಾಕಿದರು. ಅಲ್ಲಿಂದ ಇಲ್ಲಿಗೆ ಮೂರು ನಿಮಿಷ ಚಿಲ್ಲರೆ. ಎಂಟೂ ಎಂಟು. ಓಡಿ ಹೋಗಿ ಕಾಗದ ಬಿಚ್ಚಿ ತಂದು ಬಿಸಿಲಿಗೆ ಹಿಡಿದರು. ಅಲ್ಲಿ ಅವ್ವನ ಬಾವಿ ಇತ್ತು, ಆಮೇಲೆ ನಲವತ್ತು ಕುರಿ ಇದ್ದವು, ಆಮೇಲೆ ಇಡೀ ಹಟ್ಟಿ ಇತ್ತು. ಕಾಗದ ಮಸಿ ಚೆಲ್ಲಿದಷ್ಟು ಕಪ್ಪಗಿತ್ತು.

"ಹತ್ತು ಗಂಟೆಗೆ ಇಟ್ಟುಕೊಂಡಿದ್ದರೆ!" ಎಂದು ಸಾಹೇಬರು ಕಲ್ಲಿನ ಮೇಲೆ ಕುಸಿದು ಕೂತರು. "ಗಾಳಿಯಂತೆ, ಗಾಳಿ! ಎಲ್ಲಯ್ಯ ನಿನ್ನ ಗಾಳಿ?"

ಎಲೆಯೂ ಅಲುಗುತ್ತಿರಲಿಲ್ಲ. ನಾನು ಬೇವಿನ ಮರವನ್ನೇ ನೋಡುತ್ತಾ ನಿಂತೆ.

ಬೆಲ್ಲದ ತಟ್ಟೆ, ಹೊಸ ನೀರಿನ ಚೊಂಬು ಹಿಡಿದು ಅವ್ವ ಬಂದಳು. ಸಾಹೇಬರ ಮುಖ ನೋಡಿ ಗಾಬರಿಯಾದಳು.

"ಏನಂತೆ ತಮ್ಮಾ, ಮನ್ಯಾಗೆ ಏನಾರ ಆತಂತಾ?"

"ಇಲ್ಲ ಅವ್ವ. ನಮ್ ದೇಶದೋರೂ ಇವತ್ತೇ ಸಿಡಿಸಿದ್ರಂತೆ. ಮರಳುಗಾಡಿನಾಗೆ, ನೆಲದೊಳಗೆ. ಒಳ್ಳೇದಕ್ಕೇ ಸಿಡಿಸಿದ್ದು ಅಂತ ರೇಡಿಯೋದಾಗೆ ಹೇಳಿದ್ರು."

"ಹೌದಾ? ಎಷ್ಟಾಳದಾಗೆ?"

"ಐವತ್ತಾಳಿನ ಮ್ಯಾಲೆ."

"ಅಯ್ಯೋ ಶಿವನೇ, ಐವತ್ತಾಳು! ಅದೂ ಮರಳುಗಾಡು. ಎಷ್ಟು ಕಷ್ಟ ಪಟ್ರೋ." ಅವ್ವ ಸಾಹೇಬರ ಕಡೆ ತಿರುಗಿದಳು. "ನೀರು ಬಿತ್ತೇನು ಸಾಮಿ?"

ಸಾಹೇಬರು ಕೈಯಲ್ಲಿದ್ದ ಕಪ್ಪು ಕಾಗದವನ್ನು ಸುತ್ತಿ ಪಕ್ಕಕ್ಕಿಟ್ಟರು.

"ಇಲ್ಲಮ್ಮ" ಎಂದರು.

"ಬ್ಯಾಸ್ರ ಮಾಡ್ಕಬ್ಯಾಡ್ರಿ" ಎಂದು ಅವ್ವ ಅವರ ಕೈಗೆ ಬೆಲ್ಲ ಇಟ್ಟಳು. "ಮುಂದ್ಲ ಸಾರಿ ಕಾಯಿ ಹಿಡಿಸಿ, ಜಾಗ ನೋಡ್ಸಿ ಸಿಡಿಸಾಕೆ ಹೇಳ್ರಿ. ನಮ್ ಕಡೆಯೋನೇ ಅದಾನೆ, ಬೇಕಾದ್ರೆ ಕಳಿಸ್ತೀನಿ."

ಒಂದೂವರೆ ವರ್ಷದಲ್ಲಿ ಮೊದಲ ಸಲ ನನಗೆ ವ್ಯಂಗ್ಯ ಹೊಳೆಯಲಿಲ್ಲ. ಸಾಹೇಬರು ಬೆಲ್ಲ ಬಾಯಿಗೆ ಹಾಕಿಕೊಂಡು ಆ ಕೆಸರು ನೀರನ್ನು ಪೂರಾ ಕುಡಿದರು.

ಹೊರಡುವ ಮುಂಚೆ ಸದ್ದಿನ ರಿಜಿಸ್ಟರ್ ತರಲು ಹೇಳಿದರು. ಎಂಟೂ ಎಂಟಕ್ಕೆ ಎರಡು ಸಾಲು ಬರೆಸಿದರು, ಒಂದು ಸ್ಥಳೀಯ ಸ್ಫೋಟ, ಒಂದು ದೂರದ ಸ್ಫೋಟ. ಎರಡರ ಮುಂದೆಯೂ ಕಾರಣ ಬರೆಯುವ ಮನೆ ಇತ್ತು. ಮೊದಲನೆಯದರಲ್ಲಿ ನೀರಿಗೆ ಎಂದು ಬರೆದೆ. ಎರಡನೆಯದಕ್ಕೆ ಏನು ಬರೆಯಲಿ ಸಾರ್ ಎಂದು ಕೇಳಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಮನೆ ಖಾಲಿ ಬಿಟ್ಟು ಸಹಿ ಹಾಕಿದರು.